ಗೇಟು ಬಿದ್ದಾಗ

ಅಶೋಕ ರಸ್ತೆಯ ಗೇಟು ಬಿತ್ತೆಂದರೆ
ಊರಿಗೆ ಊರೇ ಬಯ್ಯುತ್ತದೆ.
ನಾನು ಸೈಕಲ್ಲಿನಿಂದ ಇಳಿದು
ಮೊಬೈಲು ತೆಗೆಯುತ್ತೇನೆ.

ಮಂಡಿಪೇಟೆಯಿಂದ ತಂದ ಹದಿನಾಲ್ಕು ಸೀರೆ
ಕ್ಯಾರಿಯರಿನಲ್ಲಿ ಫಾಲಿಗೆ ಕಾದಿವೆ.
ಕಾಯಲಿ.
ಗಾಜು ಸೀಳಿದ ಈ ಫೋನಿಗೆ
ಎಡಮೂಲೆಯಲ್ಲಿ ಯಾವಾಗಲೂ ಮಂಜು.
ಒಳ್ಳೆಯದೇ ಆಯಿತು,
ಎಲ್ಲವನ್ನೂ ತೋರಿಸುವ ಹಟ ಅದಕ್ಕಿಲ್ಲ.

ಸೋಮವಾರ, ಲಾರಿಯ ಹಿಂಬದಿ ಬಣ್ಣ ಸುಲಿದು
ಹಸಿರಿನೊಳಗಿಂದ ಹಳದಿ, ಹಳದಿಯೊಳಗಿಂದ
ಯಾರದೋ ಹೆಸರಿನ ಅರ್ಧ.
ಬುಧವಾರ, ಕಂಬಿಗೆ ಗದ್ದ ಊರಿ
ನಿಂತಲ್ಲೇ ನಿದ್ದೆ ಹೋದ ಹಮಾಲ,
ಅವನ ಬರಿಹೆಗಲ ಮೇಲೆ ಗೋಣಿಯ ನೇಯ್ಗೆಯ ಅಚ್ಚು.
ಒಂದು ದಿನ ಏನೂ ಇಲ್ಲ.
ನನ್ನದೇ ಚಪ್ಪಲಿ, ಅದರ ಉಂಗುಟಕ್ಕೆ ಚುಚ್ಚಿದ ಪಿನ್ನು.

"ಏನವ್ವಾ, ರೈಲಿನ ಫೋಟೋನಾ?"
"ಇಲ್ಲಣ್ಣ, ನಿನ್ನ ತಳ್ಳುಗಾಡಿ ಚಕ್ರದ್ದು."
ಬಗ್ಗಿ ನೋಡಿಕೊಂಡ, ಕಳುವಾಗಿದೆಯೇನೋ ಎಂಬಂತೆ.
ಎಷ್ಟು ವರ್ಷ ನೂಕಿದ್ದನೋ ಅದನ್ನು,
ಮುಖ ನೋಡಿದ್ದು ಅವತ್ತೇ ಇರಬೇಕು.

ಮಂಡಕ್ಕಿ ಭಟ್ಟಿಗಳ ಕಡೆ ತಿರುಗುವಲ್ಲಿ
ಮಾಬುನ್ನಿ, ಕಾದ ಉಸುಕಿಗೆ ಅಕ್ಕಿ ಸುರಿದು
ಕಣ್ಣು ಮಿಟುಕಿಸುವುದರೊಳಗೆ ಜರಡಿಗೆ ಎತ್ತುತ್ತಾಳೆ.
ಆ ಮಿಟುಕು ಬೇಕಿತ್ತು ನನಗೆ.
ಮೂವತ್ತೊಂದು ಸಲ ಒತ್ತಿದೆ.
ಮೂವತ್ತರಲ್ಲಿ ಹೊಗೆ. ಒಂದರಲ್ಲಿ
ಮೊಣಕೈ, ಜರಡಿ, ಮತ್ತು ಗಾಳಿಯಲ್ಲಿ
ಎಲ್ಲಿ ಬೀಳಬೇಕೆಂದು ಇನ್ನೂ ಗೊತ್ತಿಲ್ಲದ ಬಿಳುಪು.

ಕೊಟ್ರೇಶನ ಜೆರಾಕ್ಸ್ ಅಂಗಡಿಯಲ್ಲಿ ನೀಲಿ ಶಾಯಿ ಖಾಲಿ.
ಮೊಣಕೈ ಕೆಂಪು, ಹೊಗೆ ಕೆಂಪು, ಗೋಡೆ ಕೆಂಪು.
"ಎಸೀತೀನಿ ಬಿಡಕ್ಕ, ರೊಕ್ಕ ಬ್ಯಾಡ."
ತಡಿಯೋ ಅಂದೆ.
ಹೊಗೆ ಬೂದಿಬಣ್ಣ ಅನ್ನುವುದು
ದೂರ ನಿಂತವರ ಮಾತು.
ಮುಖಕ್ಕೆ ಹೊಡೆದಾಗ ಅದು ಹೀಗೇ ಇರುತ್ತದೆ.

ರಾತ್ರಿ, ಹಳೇ ಕ್ಯಾಲೆಂಡರಿನ ರಟ್ಟಿಗೆ
ಮೈದಾ ಅಂಟು ಕಾಸಿ ಹಚ್ಚಿದೆ.
ಹೊಗೆ ಇದ್ದಲ್ಲಿ ಫಾಲಿನ ಉಳಿದ ಚೂರು,
ಎಳೆ ಎಳೆ ಬಿಡಿಸಿ.
ಗೋಡೆಗೆ ಬಟ್ಟೆ ಅಂಗಡಿಯ ಬಿಲ್ಲು,
'ಬಾಕಿ ೪೦' ಎಂಬುದು ಮೇಲೆ ಬರುವ ಹಾಗೆ.
ಜರಡಿಯ ತೂತಿಗೆ, ದಾರ ಪೋಣಿಸದೆ,
ಮೆಷಿನ್ನಿನ ಸೂಜಿಯನ್ನೇ ಕಾಗದದ ಮೇಲೆ ಓಡಿಸಿದೆ,
ಟಕ ಟಕ ಟಕ.
"ಈ ಹೊತ್ತಿನಾಗ ಯಾರ ಸೀರಿನೇ?" ಒಳಗಿಂದ ಅಮ್ಮ.
ಯಾರದೂ ಅಲ್ಲ, ಮಲಗು.

ಮಾಬುನ್ನಿಗೆ ತೋರಿಸಿದೆ, ಅಳುಕುತ್ತಲೇ.
ಎರಡೂ ಕೈ ಸೆರಗಿಗೆ ಒರೆಸಿ ಹಿಡಿದಳು.
ಸುಟ್ಟ ಕಲೆಯಿಂದ ತನ್ನ ಮೊಣಕೈ ಗುರುತು ಸಿಕ್ಕಿತು.
ನಕ್ಕಳು. ಆಮೇಲೆ ಬಹಳ ಹೊತ್ತು ನಗಲಿಲ್ಲ.
"ಉಸುಕು ಎಲ್ಲೈತಿ?"
ಇಲ್ಲೇ, ಬಾಣಲೆಯೊಳಗೆ, ಕಾಣ್ತದಲ್ಲ.
"ಕಾಣೋದು ಬ್ಯಾರೆ ತಾಯಿ. ಇದು ತಣ್ಣಗೈತಿ."
ಕಾದು ಕಾದು ಕಪ್ಪಾದ ಹೊಳೆ ಉಸುಕು,
ಒಂದು ಬೊಗಸೆ,
ಮಂಡಕ್ಕಿಯ ಚೀಲದಲ್ಲೇ ಕಟ್ಟಿ ಕೊಟ್ಟಳು.
ಮನೆ ತಲುಪುವವರೆಗೂ ಸೀರೆಗಳ ನಡುವೆ
ಯಾರೋ ಜ್ವರದವರು ಕೂತಂತೆ ಬೆಚ್ಚಗಿತ್ತು.

ಈಗ ಅದು ಮೆಷಿನ್ನಿನ ಎದುರು ಗೋಡೆಯಲ್ಲಿದೆ.
ಮೈದಾ ಅಂಟಿಗೆ ಉಸುಕು ನಿಲ್ಲುವುದಿಲ್ಲ,
ದಿನಾ ಬೆಳಗ್ಗೆ ಕೆಳಗೆ ಹತ್ತೆಂಟು ಕಣ.
ಅಮ್ಮ ಗುಡಿಸುತ್ತಾಳೆ, ಎಸೆಯುವುದಿಲ್ಲ,
ಗುಂಡಿ ಡಬ್ಬಿಯ ಮುಚ್ಚಳದಲ್ಲಿ ಕೂಡಿಡುತ್ತಾಳೆ.
ಯಾಕೆಂದು ನಾನು ಕೇಳಿಲ್ಲ.

ಮತ್ತೆ ಗೇಟು ಬಿದ್ದಿದೆ.
ಗೂಡ್ಸು ಇರಬೇಕು, ಇನ್ನೂ ಸದ್ದಿಲ್ಲ.
ಮುಂದಿನ ಆಟೋದ ಬೆನ್ನಿನ ಪೋಸ್ಟರು
ಬಿಸಿಲಿಗೆ ಸುಲಿದು ಸುಲಿದು
ಒಂದು ಕಿವಿ, ಒಂದು ಓಲೆ ಮಾತ್ರ ಉಳಿದಿದೆ.
ಸೀರೆಗಳೇ,
ಇನ್ನೊಂದು ಚೂರು ತಡೀರಿ.